ವಕೀಲನನ್ನು ಅಳಿಸಿದ ಗುಳಿಗೆ

ಹುನಗುಂದದ ಕೋರ್ಟಿನಲ್ಲಿ ನಾನು ವಕೀಲಿ ಮಾಡುತ್ತಿದ್ದಾಗ ನನ್ನ ಕಾಯ್ದೆಯ ಜ್ಞಾನದ ಬಗ್ಗೆ ಊರಲ್ಲಿ ಹತ್ತು ಮಾತಿದ್ದವು. ನನ್ನ ದನಿಯ ಬಗ್ಗೆ ಮಾತ್ರ ಒಂದೇ ಮಾತು: "ಭಾಳ ಒದರ್ತಾನ." ಒಳಗೆ ನಾನು ವಾದ ಮಾಡುತ್ತಿದ್ದರೆ ಹೊರಗೆ ಬೇವಿನ ಗಿಡದ ಕೆಳಗೆ ಕೂತ ಪಕ್ಷಗಾರರಿಗೆ, ಎಲೆ-ಅಡಿಕೆ ಹಾಕಿಕೊಳ್ಳುತ್ತಲೇ, ತಮ್ಮ ಖಟ್ಲೆ ಎಲ್ಲಿಗೆ ಬಂತೆಂದು ತಿಳಿಯುತ್ತಿತ್ತು. ಸೋತರೂ ಅವರು ಸಮಾಧಾನದಿಂದಲೇ ಊರಿಗೆ ಹೋಗುತ್ತಿದ್ದರು. "ಸಾಹೇಬ್ರು ತೀರ್ಪು ಏನರ ಕೊಡಲಿ, ನಮ್ಮ ವಕೀಲರು ಮಾತ್ರ ಛಲೋ ಒದರಿದ್ರು" ಎನ್ನುತ್ತಿದ್ದರು. ಅಂಥ ಪೈಕಿಯ ಮನುಷ್ಯನಿಗೆ ಬಿಪಿ ಬಂದದ್ದು ಯಾರಿಗೂ ಆಶ್ಚರ್ಯ ತರಲಿಲ್ಲ. ಆಶ್ಚರ್ಯವಾದದ್ದು ನನಗೊಬ್ಬನಿಗೇ.

ಅದು ಎಪ್ಪತ್ತರ ದಶಕದ ಕೊನೆಯ ವರ್ಷಗಳ ಮಾತು. ಹೆಂಡತಿಯ ಮೊಣಕಾಲು ನೋವಿಗೆ ಔಷಧ ತರೋಣವೆಂದು ಬಾಗಲಕೋಟೆಗೆ ಹೋಗಿದ್ದೆವು. ಹಳೇ ಪೇಟೆಯ ದವಾಖಾನೆಯಲ್ಲಿ ನಮ್ಮ ನಂತರ ಬಂದವರನ್ನು ಕಂಪೌಂಡರ್ ಮೊದಲು ಒಳಗೆ ಬಿಟ್ಟ. ನಾನು ಅವನಿಗೆ ನ್ಯಾಯ ಅಂದರೇನು ಅಂತ ತಿಳಿಸಿ ಹೇಳತೊಡಗಿದೆ. ಒಳಗಿನಿಂದ ಡಾಕ್ಟರೇ ಎದ್ದು ಬಂದರು. ತಲೆಯೆಲ್ಲ ನರೆತ, ಸಾವಕಾಶ ಮಾತಾಡುವ ಮನುಷ್ಯ.

"ಒದರಾವ್ರು ಯಾರು? ನೀವ? ಬರ್ರಿ ಒಳಗ" ಎಂದು ನನ್ನನ್ನೇ ಕೂರಿಸಿ ತೋಳಿಗೆ ಪಟ್ಟಿ ಸುತ್ತಿದರು. ಗಾಳಿ ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ಆಮೇಲೆ ಸುಮ್ಮನೆ ಕೂರಿಸಿ, ನನ್ನ ಸಿಟ್ಟು ಆರಿದ ಮೇಲೆ ಇನ್ನೊಮ್ಮೆ ನೋಡಿದರು.

"ಬಿಪಿ ಐತ್ರಿ ನಿಮಗ."

"ಸಿಟ್ಟಿನ್ಯಾಗ ಏರಿರಬೇಕ್ರಿ" ಎಂದೆ.

"ಸಿಟ್ಟು ಬ್ಯಾರೆ, ಬಿಪಿ ಬ್ಯಾರೆ. ಸಿಟ್ಟು ಇಳದೈತಿ, ಇದು ಇಳದಿಲ್ಲ."

"ಆದರ ನನಗ ಏನೂ ತ್ರಾಸ ಇಲ್ಲಲ್ರಿ ಸಾಹೇಬ್ರ?"

"ತೊಲಿಗೆ ಗೆದ್ದಲ ಹತ್ತಿದ್ರ ಮನಿ ಬೀಳೂತನಕ ಗೊತ್ತಾಗೂದಿಲ್ರಿ ವಕೀಲರ."

ಮುಂದಿನ ಎರಡು ವಾರ ಕರೆಸಿಕೊಂಡು ಮತ್ತೆ ಮತ್ತೆ ನೋಡಿದ ಮೇಲೆ ಸಣ್ಣದೊಂದು ಬಿಳಿ ಗುಳಿಗೆ ಬರೆದುಕೊಟ್ಟರು. ಉಪ್ಪು ಕಡಿಮೆ ಮಾಡಲು ಹೇಳಿದರು. ಹೆಂಡತಿಗೆ ಅಷ್ಟೇ ಸಾಕಾಯಿತು. ಇಳಕಲ್ಲಿನ ತವರಿನಿಂದ ಬಂದ ಉಪ್ಪಿನಕಾಯಿ ಭರಣಿಯನ್ನು ಅಟ್ಟಕ್ಕೇರಿಸಿ, ಏಣಿಯನ್ನು ನೆರೆಮನೆಗೆ ಕೊಟ್ಟುಬಿಟ್ಟಳು.

ಗುಳಿಗೆ ಶುರುವಾಗಿ ಕೆಲವು ವಾರಕ್ಕೆ ನನ್ನ ಮೂಗು ಕಟ್ಟಿತು. ಮಳೆಗಾಲವಲ್ಲ, ನೆಗಡಿಯಲ್ಲ, ಸುಮ್ಮನೆ ಕಟ್ಟಿತು. ಅದರ ಹಿಂದೆಯೇ ಮನಸ್ಸೂ ಕಟ್ಟಿತು. ಎದ್ದರೆ ಬೇಸರ, ಕೂತರೆ ಬೇಸರ. ರೇಡಿಯೋದಲ್ಲಿ ಪೇಟೆ ಧಾರಣೆ ಓದುವಾಗ ಮೆಣಸಿನಕಾಯಿ ದರ ಬಿತ್ತೆಂದು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ನನಗೆ ಮೆಣಸಿನಕಾಯಿ ಹೊಲ ಇರಲಿಲ್ಲ, ಯಾವ ಹೊಲವೂ ಇರಲಿಲ್ಲ.

ಮನೆಯಲ್ಲಿ ಅತ್ತರೆ ನಡೆಯುತ್ತದೆ. ಆದರೆ ಆ ತಿಂಗಳು ಅಣ್ಣ-ತಮ್ಮಂದಿರ ಆಸ್ತಿ ಪಾಲಿನ ಖಟ್ಲೆಯೊಂದು ವಿಚಾರಣೆಗೆ ಬಂತು. ನಾನು ಅಣ್ಣನ ಕಡೆಯ ವಕೀಲ. ತಮ್ಮನನ್ನು ಕಟಕಟೆಯಲ್ಲಿ ನಿಲ್ಲಿಸಿಕೊಂಡು ಪಾಟೀಸವಾಲು ಮಾಡುತ್ತಿದ್ದೆ.

"ನಿಮ್ಮವ್ವ ಕಡೀಕ ಯಾರ ಮನ್ಯಾಗಿದ್ಲು?" ಎಂದು ಕೇಳಿದೆ. ತಾಯಿಯನ್ನು ತಮ್ಮ ನೋಡಿಕೊಳ್ಳಲಿಲ್ಲ ಎಂದು ತೋರಿಸುವುದು ನನ್ನ ಲೆಕ್ಕಾಚಾರ.

"ಅಣ್ಣನ ಮನ್ಯಾಗ್ರಿ. ನನ್ನ ಒಳಗ ಬಿಡತಿರಲಿಲ್ಲ. ನಾ ದಿನಾ ಕಿಡಕ್ಯಾಗಿಂದ ಕೈ ಹಾಕಿ ಅವ್ವಗ ಗಂಜಿ ಕುಡಸತಿದ್ನಿ" ಎಂದ ಆತ.

ಹಿಂದಿನ ನಾನಾಗಿದ್ದರೆ "ಸುಳ್ಳು!" ಎಂದು ಹೆಂಚು ಹಾರುವಂತೆ ಒದರುತ್ತಿದ್ದೆ. ಅವತ್ತು ನನ್ನ ಕಣ್ಣ ಮುಂದೆ ಆ ಕಿಟಕಿ, ಆ ಕೈ, ಆ ಮುದುಕಿ ಬಂದು ನಿಂತವು. ಕರೀ ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡೆ.

"ವಕೀಲರ, ಮುಂದಿನ ಪ್ರಶ್ನೆ ಕೇಳ್ರಿ" ಎಂದರು ನ್ಯಾಯಾಧೀಶರು.

ನಾನು ಕಾಗದ ಮಡಚಿ ಕೂತುಬಿಟ್ಟೆ. ನನ್ನ ಪಕ್ಷಗಾರ ಅಣ್ಣನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಎದುರಿನವರು ತನ್ನ ವಕೀಲನನ್ನು ಕೊಂಡಿದ್ದಾರೆಂದೇ ಆತ ತಿಳಿದ. ಎದುರಿನ ವಕೀಲ ನನ್ನ ಹಳೇ ಗೆಳೆಯ. ಹೊರಗೆ ಬಂದ ಮೇಲೆ ಬೆನ್ನು ಚಪ್ಪರಿಸಿ, "ಲೇ, ಈ ಅಳೂ ನಾಟಕ ಯಾವಾಗ ಕಲ್ತಿ? ನಮಗೂ ಕಲಸೋ" ಎಂದ. ಮುಂದಿನ ವಾರ ಜೂನಿಯರ್ ಒಬ್ಬ ಎಮ್ಮೆಯ ಖಟ್ಲೆಯಲ್ಲಿ ಅಳಲು ಪ್ರಯತ್ನಪಟ್ಟು ಬೈಸಿಕೊಂಡನೆಂದು ಕೇಳಿದೆ.

ಇಷ್ಟಾದರೂ ಡಾಕ್ಟರರು "ಹೆಂಗದೀರಿ?" ಎಂದು ಕೇಳಿದಾಗ ನಾನು "ಭೇಷ್ ಅದೀನ್ರಿ" ಎಂದೆ. ಕಾಲಿಗೆ ಬಾವು ಬಂದಿದ್ದರೆ ಹೇಳುತ್ತಿದ್ದೆ. ಮೆಣಸಿನಕಾಯಿ ದರಕ್ಕೆ ಅತ್ತೆ ಅಂತ ಗಂಡಸು ಹೇಗೆ ಹೇಳಬೇಕು? ಬಿಪಿ ಇನ್ನೂ ಮೇಲೇ ಇತ್ತು. ಡಾಕ್ಟರರು ಮೊದಲಿನದರ ಜೋಡಿ ಇನ್ನೊಂದು ಗುಳಿಗೆ ಕೊಟ್ಟು, "ಇದು ಮೈಯಾಗಿನ ನೀರು ತಗಿತೈತಿ. ಮುಂಜಾನೆ ತಗೋರಿ" ಎಂದರು.

ಮೈಯಲ್ಲಿ ಅಷ್ಟೊಂದು ನೀರಿತ್ತೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಕಡೆ ಬಾವಿಗಳಲ್ಲೂ ಅಷ್ಟಿರುತ್ತಿರಲಿಲ್ಲ. ಅದನ್ನು ನುಂಗಿದ ಮೂರನೆಯ ಮುಂಜಾನೆಯೇ ಬಾದಾಮಿಗೆ ಹೆಂಡತಿಯ ಸಂಬಂಧಿಕರ ಮದುವೆಗೆ ಬಸ್ ಹತ್ತಿದೆವು. ಅಮೀನಗಡ ದಾಟುವುದರೊಳಗೆ ಒಮ್ಮೆ ಬಸ್ ನಿಲ್ಲಿಸಿ ಜಾಲಿ ಗಿಡದ ಮರೆಗೆ ಹೋಗಿ ಬಂದೆ. ಸ್ವಲ್ಪ ದೂರ ಹೋಗುವುದರಲ್ಲಿ ಮತ್ತೆ ಎದ್ದು ನಿಂತೆ. ಕಂಡಕ್ಟರ್ ಕೈ ಜೋಡಿಸಿದ.

"ಸಾಹೇಬ್ರ, ಇದು ಎಕ್ಸ್‌ಪ್ರೆಸ್ ಬಸ್ ಐತ್ರಿ."

"ತಮ್ಮಾ, ನಂದೂ ಎಕ್ಸ್‌ಪ್ರೆಸ್ಸ!"

ಇಡೀ ಬಸ್ಸು ನಕ್ಕಿತು. ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ, ನಾನು ಯಾರೋ ಎಂಬಂತೆ ಕೂತಳು. ಅಕ್ಷತೆ ಬೀಳುವ ಹೊತ್ತಿಗೆ ನಾನು ಕಲ್ಯಾಣ ಮಂಟಪದಲ್ಲಿ ಇರಲಿಲ್ಲ. ಊಟಕ್ಕೆ ಕೂತಾಗ ಸಂಬಂಧಿಕರೆಲ್ಲ ಒಂದೊಂದು ಮದ್ದು ಹೇಳಿದರು. ಒಬ್ಬರು ಹಸಿ ಬಳ್ಳೊಳ್ಳಿ, ಒಬ್ಬರು ಬೇವಿನ ಚಿಗುರು, ಒಬ್ಬರು ವಕೀಲಿ ಬಿಟ್ಟು ಸಾಲಿ ಮಾಸ್ತರ ಆಗುವುದು. ಹೇಳಿದವರೆಲ್ಲ ಎಲೆಯ ತುದಿಗೆ ಇನ್ನಷ್ಟು ಉಪ್ಪು ಬಡಿಸಿಕೊಳ್ಳುತ್ತಿದ್ದರು.

ಕೋರ್ಟಿನಲ್ಲಿ ಪದೇ ಪದೇ ಹೊರಗೆ ಹೋಗಲು ಅಪ್ಪಣೆ ಕೇಳುವುದು ಅತಿಯಾದಾಗ, ಇದೊಂದನ್ನು ಮಾತ್ರ ಡಾಕ್ಟರರಿಗೆ ಹೇಳಿದೆ. ಇದರಲ್ಲಿ ಮಾನ ಹೋಗುವಂಥದ್ದು ಉಳಿದಿರಲಿಲ್ಲ, ಬಸ್ಸಿನಲ್ಲೇ ಹೋಗಿತ್ತು. ಅವರು ಅದನ್ನು ನಿಲ್ಲಿಸಿ ಹಳದಿ ಗುಳಿಗೆಯೊಂದನ್ನು ಸೇರಿಸಿದರು. ಬಿಳಿಯದು ಮುಂದುವರಿಯಿತು. ಅದರ ಬಗ್ಗೆ ಅವರು ಕೇಳಿದರೆ ನನ್ನ ಉತ್ತರ ಅದೇ: "ಭೇಷ್ ಅದೀನ್ರಿ."

ಹಳದಿ ಗುಳಿಗೆ ನನಗೆ ನಿದ್ದೆ ಕೊಟ್ಟಿತು. ಬಾಯಿ ಒಣಗಿತು. ಕೂತಲ್ಲಿಂದ ಎದ್ದರೆ ಲೋಕವೆಲ್ಲ ಗರಗರ ತಿರುಗುತ್ತಿತ್ತು. ವಕೀಲಿ ಎಂದರೆ ಮುಖ್ಯವಾಗಿ ಎದ್ದು ನಿಲ್ಲುವ ಕಸುಬು ಎಂಬುದು ನನಗೆ ಆಗ ತಿಳಿಯಿತು. ಒಂದು ದಿನ ನ್ಯಾಯಾಧೀಶರು ಒಳಗೆ ಬಂದರು, ಎಲ್ಲರೂ ಎದ್ದೆವು. ನನಗೆ ಕಣ್ಣು ಕತ್ತಲಿಟ್ಟಿತು. ಬೀಳುವಾಗ ಕೈಗೆ ಸಿಕ್ಕಿದ್ದನ್ನು ಹಿಡಿದೆ. ಸಿಕ್ಕಿದ್ದು ಅದೇ ಗೆಳೆಯನ ಕೊರಳಪಟ್ಟಿ. ಅವನು ನನ್ನನ್ನು ತಡೆಯಲು ತೋಳು ಹಿಡಿದ, ಇಬ್ಬರೂ ಬೆಂಚಿನ ಸಮೇತ ಉರುಳಿದೆವು. ಬಾಗಿಲಲ್ಲಿ ನಿಂತವರಿಗೆ ಕಂಡದ್ದು ಒಂದೇ: ಇಬ್ಬರು ವಕೀಲರು ಸಾಹೇಬರ ಮುಂದೆಯೇ ಹೊಡೆದಾಡುತ್ತಿದ್ದಾರೆ.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಹೆಂಡತಿ ಹೊಸ್ತಿಲಲ್ಲೇ ತಡೆದಳು.

"ಏನ್ರಿ, ಕೋರ್ಟಿನ್ಯಾಗ ಬಡದಾಡಿರಂತ?"

"ಇಲ್ಲ. ತಲಿ ತಿರುಗಿ ಬಿದ್ನಿ."

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. "ಬಡದಾಡಿದ್ರ ಛಲೋ ಇತ್ತು" ಎಂದು ಒಳಗೆ ಹೋಗಿ ಸೀರೆ ಬದಲಿಸಿ ಬಂದಳು. "ನಡೀರಿ ಬಾಗಲಕೋಟಿಗೆ. ಈ ಸಲ ನಾ ಮಾತಾಡ್ತೇನಿ."

ದವಾಖಾನೆಯಲ್ಲಿ ಡಾಕ್ಟರರು "ಹೆಂಗದೀರಿ?" ಎಂದರು. ನಾನು "ಭೇ..." ಎನ್ನುವಷ್ಟರಲ್ಲಿ ಅವಳು ಶುರು ಮಾಡಿದಳು. ಮೂಗು, ಬೇಸರ, ಮೆಣಸಿನಕಾಯಿ, ಕಟಕಟೆ, ಕೊರಳಪಟ್ಟಿ, ಒಂದನ್ನೂ ಬಿಡಲಿಲ್ಲ. ಅಷ್ಟು ಕ್ರಮವಾಗಿ ಸಾಕ್ಷಿ ಹೇಳಿದವರನ್ನು ನನ್ನ ವಕೀಲಿಕೆಯಲ್ಲಿ ನಾನು ಕಂಡಿರಲಿಲ್ಲ. ಡಾಕ್ಟರರು ಪೆನ್ನು ಕೆಳಗಿಟ್ಟರು.

"ವಕೀಲರ, ನಿಮ್ಮ ಪಕ್ಷಗಾರ ನಿಮ್ಮ ಮುಂದ ಹಿಂಗ ಮುಚ್ಚಿಟ್ರ ಏನ್ ಮಾಡ್ತೀರಿ?"

"ಕಾಗದ ಒಗದು ಹೊರಗ ಹಾಕ್ತೇನ್ರಿ."

"ನಾ ಹಾಕೂದಿಲ್ಲ. ಮಲಕೋರಿ ಇಲ್ಲಿ."

ಮಲಗಿಸಿ ಬಿಪಿ ನೋಡಿದರು, ನಿಲ್ಲಿಸಿ ನೋಡಿದರು. ನಿಂತಾಗ ಅದು ಬಾವಿಗೆ ಬಿದ್ದ ಕೊಡದಂತೆ ಇಳಿಯುತ್ತಿತ್ತು. ಬಿಳಿ ಗುಳಿಗೆ ಕೆಲವರ ಮನಸ್ಸನ್ನು ಕುಗ್ಗಿಸುತ್ತದೆ, ಮೂಗು ಕಟ್ಟಿಸುವುದೂ ಅದೇ ಎಂದು ತಿಳಿಸಿ ಹೇಳಿದರು. "ಮೊದಲ ಹೇಳಿದ್ರ ಅವತ್ತ ಬದಲ ಮಾಡತಿದ್ನಿ. ಎಲ್ಲಾರಿಗೂ ಎಲ್ಲಾ ಗುಳಿಗಿ ಹೊಂದೂದಿಲ್ರಿ. ತ್ರಾಸ ಆದ್ರ ನಿಮ್ಮಷ್ಟಕ್ಕ ನೀವ ಬಿಡಬ್ಯಾಡ್ರಿ, ತಡಕೊಂಡೂ ಕುಂದರಬ್ಯಾಡ್ರಿ. ನನ್ನ ಮುಂದ ಹೇಳ್ರಿ."

ಆಗ ಹೆಂಡತಿ ಒಂದು ಮಾತು ಕೇಳಿದಳು. "ಅಂದ್ರ ಆ ಕಣ್ಣೀರೆಲ್ಲ ಗುಳಿಗಿದ ಏನ್ರಿ? ಇವರದಲ್ಲ?"

"ಭಾಳಷ್ಟು ಗುಳಿಗಿದ ಇರಬೇಕ್ರಿ. ಯಾಕ್ರಿ ತಂಗೀ?"

"ಏನಿಲ್ಲ ಬಿಡ್ರಿ. ಮದುವ್ಯಾದಾಗಿಂದ ಹೋದ ತಿಂಗಳ ಮೊದಲ ಸಲ ಬಾಜೂಕ ಕುಂತು, ಮೊಣಕಾಲು ಭಾಳ ನೋಯ್ತೈತೇನು ಅಂತ ಕೇಳಿದ್ರು. ಅದಕ ಕೇಳಿದ್ನಿ."

ಡಾಕ್ಟರರು ನಗಬೇಕೆಂದಿದ್ದವರು ನಗಲಿಲ್ಲ. ನಾನು ಗೋಡೆಗೆ ತೂಗುಬಿಟ್ಟಿದ್ದ ಮೈಯೊಳಗಿನ ನರಗಳ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತೆ. ದವಾಖಾನೆಯಿಂದ ಹೊರಗೆ ಬಂದೆವು. ಬಸ್ ಸ್ಟ್ಯಾಂಡಿಗೆ ಟಾಂಗಾ ಮಾಡೋಣವೇ ಎಂದು ನಾನು ಕೇಳಿದೆ. ಅವಳು ನನ್ನನ್ನು ಅನುಮಾನದಿಂದ ನೋಡಿ, "ಇವತ್ತ ಬಿಳೇದು ತಗೊಂಡೀರೇನು?" ಎಂದಳು. ಉತ್ತರಕ್ಕೆ ಕಾಯದೆ ಟಾಂಗಾ ಹತ್ತಿ ಕೂತಳು.

ಬಿಳಿಯದನ್ನು ನಿಲ್ಲಿಸಿದರು, ಹಳದಿಯನ್ನು ಮೆಲ್ಲಗೆ ಇಳಿಸುತ್ತ ಬಂದು ಬಿಡಿಸಿದರು. ನೀರಿನ ಗುಳಿಗೆ ಅರ್ಧವಾಗಿ ತಿರುಗಿ ಬಂತು. ಪರಊರಿಗೆ ಹೋಗುವ ದಿನ ಮಾತ್ರ ಅದನ್ನು ಅಲ್ಲಿಗೆ ಮುಟ್ಟಿದ ಮೇಲೆ ತೆಗೆದುಕೊಳ್ಳಲು ಅಪ್ಪಣೆಯಾಯಿತು. ಅದರ ಜೋಡಿ ಹೊಸದೊಂದು ಬಂತು, ಸಣ್ಣ ಅಳತೆಯಿಂದ ಶುರುವಾಗಿ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಹದಕ್ಕೆ ನಿಂತಿತು. ಹೊಸದರಿಂದ ಕೈಬೆರಳು ತಣ್ಣಗಾಗುತ್ತಿದ್ದವು. ಈ ಸಲ ಕೂಡಲೇ ಹೇಳಿದೆ. ಡಾಕ್ಟರರು ನಾಡಿ ನೋಡಿ, "ಇದೊಂದ ಆದ್ರ ನಡಸಬಹುದೇನು?" ಎಂದು ಕೇಳಿದರು. ಹುನಗುಂದದ ಬಿಸಿಲಿನಲ್ಲಿ ತಣ್ಣನೆಯ ಕೈ ಇರುವುದು ಶಿಕ್ಷೆಯೇನಲ್ಲ ಎಂದೆ.

ಬಿಪಿ ಹದಕ್ಕೆ ಬಂತು, ದನಿ ಹಿಂದಿನಷ್ಟು ಏರಲಿಲ್ಲ. ಅದು ಗುಳಿಗೆಯಿಂದಲೋ ವಯಸ್ಸಿನಿಂದಲೋ ನಾನು ವಿಚಾರಿಸಲಿಲ್ಲ. ಬೇವಿನ ಗಿಡದ ಕೆಳಗಿನವರಿಗೆ ಈಗ ಏನೂ ಕೇಳಿಸುತ್ತಿರಲಿಲ್ಲ. ಬೇವೂರಿನ ಕಡೆಯ ಹಿರಿಯರೊಬ್ಬರು ಬಂದು, ಬಹಳ ಸಂಕೋಚದಿಂದ ತಮ್ಮ ಕಾಗದ ಪತ್ರ ವಾಪಸ್ ಕೇಳಿದರು. "ನಿಮ್ಮ ಮ್ಯಾಲ ಸಿಟ್ಟಿಲ್ರಿ ವಕೀಲರ. ಆದರ ನೀವು ಆರಾಮ ಆದಾಗಿಂದ ನಮ್ಮ ಖಟ್ಲೇಕ ಬಿರುಸು ಇಲ್ಲದಂಗ ಆಗೇತಿ" ಎಂದರು. ನಾನು ಕಾಗದ ಕೊಟ್ಟು, ಚಹಾ ಕುಡಿಸಿ ಕಳಿಸಿದೆ. ಅವರು ಅವನ್ನು ಒಯ್ದು ಮೇಜು ಗುದ್ದಿ ವಾದಿಸುವ ಒಬ್ಬ ಹೊಸ ಹುರುಪಿನ ವಕೀಲನಿಗೆ ಕೊಟ್ಟರು. ಆತ ಭಾಳ ಛಲೋ ಒದರಿದನಂತೆ. ಖಟ್ಲೆ ಸೋತಿತು. ಊರಿಗೆ ಹೋಗುವಾಗ ಹಿರಿಯರು ದಾರಿಯಲ್ಲಿ ಸಿಕ್ಕರು, ಮುಖದಲ್ಲಿ ಪೂರ್ಣ ಸಮಾಧಾನವಿತ್ತು.