ಆಚೆ ದಡದ ಎಣಿಕೆ

ಕಣ್ಣಿಗೆ ಕಾಣದ್ದನ್ನು ನಾನು ಕೊಂಡವನೂ ಅಲ್ಲ, ಮಾರಿದವನೂ ಅಲ್ಲ. ಸೈಕಲ್ಲಿನ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಗಂಗೊಳ್ಳಿಯಿಂದ ಒಳಗಿನ ಹಳ್ಳಿಗಳಿಗೆ ಹೊರಟವನು ನಾನು. ಇವತ್ತು ಎರಡು ಟೆಂಪೊ, ಒಂದು ಐಸಿನ ಕೋಣೆ ಇದೆ ಅಂದರೆ ಕಿವಿರು ಎತ್ತಿ ನೋಡದೆ ಮೀನಿಗೆ ಬೆಲೆ ಹೇಳದ ಅಭ್ಯಾಸವೇ ಕಾರಣ. ಯಾರಾದರೂ ಅಲ್ಲಿ ಏನೋ ಕಂಡಿತು, ಇಲ್ಲಿ ಯಾರೋ ಕರೆದಂತಾಯಿತು ಎಂದು ಶುರು ಮಾಡಿದರೆ, "ರಾತ್ರಿ ಎಂತ ಉಂಡಿದ್ದೆ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಹಾಗೆ ಕೇಳುವುದಿಲ್ಲ. ನಂಬಿಕೆ ಬಂತು ಅಂತಲ್ಲ. ಕೇಳುವ ಹಕ್ಕು ಹೋಯಿತು, ಅಷ್ಟೆ.

ನನ್ನಂಥವನು ನದಿ ಉಳಿಸುವ ಕೆಲಸಕ್ಕೆ ಹೇಗೆ ಸೇರಿದ ಎಂದು ನೀವು ಕೇಳಬಹುದು. ಸೇರಿದ್ದಲ್ಲ, ಚೌಕಾಸಿ ಮಾಡಲು ಹೋಗಿ ಸಿಕ್ಕಿಬಿದ್ದದ್ದು. ಬ್ರಹ್ಮಾವರ ಕಡೆಯ ಕಾಲೇಜೊಂದರ ಉಪನ್ಯಾಸಕಿ ಸುಜಾತಾ ಮೇಡಂ ಹೆಮ್ಮಾಡಿಯ ಹತ್ತಿರ ಒಂದು ತರಬೇತಿ ಇಟ್ಟಿದ್ದರು. ಕಪ್ಪೆಚಿಪ್ಪು ತೆಗೆಯುವವರು, ಅರಣ್ಯ ಕಾವಲುಗಾರರು, ಕಾಲೇಜಿನವರು, ಕೊಕ್ಕರ್ಣೆಯಲ್ಲಿ ಹೊಳೆಯ ಮಡುವಿನ ಮೀನುಗಳನ್ನು ತಾವೇ ಕಾಯುತ್ತಿದ್ದ ಒಬ್ಬ ರೈತರು, ಎಲ್ಲರೂ ಒಬ್ಬರಿಂದೊಬ್ಬರು ಕಲಿಯಬೇಕು ಎಂಬುದು ಅವರ ಆಸೆ. ದೋಣಿ ಗೊತ್ತು ಮಾಡಿಕೊಡಲು ನನ್ನನ್ನು ಕರೆದರು. ಮೊದಲ ದಿನ ಹತ್ತು ಗಂಟೆಗೆ ಸಭೆ ಎಂದು ಕರೆದದ್ದಕ್ಕೆ ಒಂದು ನರಪಿಳ್ಳೆಯೂ ಬರಲಿಲ್ಲ. ನಾನು ಹೇಳಿದೆ: ಮೇಡಂ, ನೀರಿಳಿತದ ಹೊತ್ತಿಗೆ ಹೊಳೆಯವರನ್ನು ಕರೆಯಬೇಡಿ, ಮೊದಲು ಚಹಾ ಕೊಡಿ, ಆಮೇಲೆ ಮಾತು, ನೀವು ಕಲಿಸುವ ಮೊದಲು ಅವರಿಂದ ಏನಾದರೂ ಒಂದು ಕಲಿತುಕೊಳ್ಳಿ, ಸುಳ್ಳುಸುಳ್ಳೇ ಆದರೂ. ಅವರು ನಿಜವಾಗಿಯೇ ಕಲಿತರು. ಅದು ಅವರ ದೊಡ್ಡತನ. ಇಂಥ ಕೆಲಸಕ್ಕೆ ಇಳಿಯುವವರಿಗೆಲ್ಲ ನಾನು ಈಗಲೂ ಹೇಳುವುದು ಇದನ್ನೇ.

ಅವರಿಗೆ ಕಲಿಸಿದವರಲ್ಲಿ ಮೊದಲಿಗರು ಗುಲಾಬಕ್ಕ. ಐವತ್ತೈದು ದಾಟಿದ ಹೆಂಗಸು. ಕಾಲಿನ ಹೆಬ್ಬೆರಳಿನಿಂದಲೇ ಕೆಸರಿನೊಳಗಿನ ಚಿಪ್ಪು ಯಾವ ಜಾತಿಯದು ಎಂದು ಹೇಳಬಲ್ಲವರು. ಎಣಿಸುವಾಗ ಅವರು ಒಂದು ಎನ್ನುವುದಿಲ್ಲ. ಲಾಭ, ಎರಡು, ಮೂರು. ಮೇಡಂ ಪೆನ್ನು ಎತ್ತಿ, "ಗುಲಾಬಕ್ಕ, ಒಂದು ಎಲ್ಲಿಗೆ ಹೋಯಿತು?" ಎಂದರು.

"ಒಂದ್ ಅಂಬುಕಾಗ ಮೇಡಮ್ಮೋರೆ. ಶುರುವಂಗೇ ಒಂಟಿ ಮಾಡ್ರೆ ಮುಂದಿನವು ಬತ್ವಾ?"

ಹೆಮ್ಮಾಡಿ ಬದಿಯ ದಡಕ್ಕೂ ಎದುರಿನ ಕುದ್ರುವಿಗೂ, ಅಂದರೆ ಹೊಳೆಯ ನಡುವಿನ ದ್ವೀಪಕ್ಕೂ, ಮಧ್ಯೆ ಒಂದು ಕೆಸರು ದಿಬ್ಬವಿದೆ. ನಡುವೆ ಒಂದು ಆಳದ ಹರಿವು ಅದನ್ನು ಎರಡಾಗಿ ಸೀಳುತ್ತದೆ. ಆ ವರ್ಷ ಅಲ್ಲಿ ಮರಿಚಿಪ್ಪು ತುಂಬಿವೆ, ಮಳೆಗಾಲದವರೆಗೆ ಮುಟ್ಟದೆ ಬಿಡೋಣ ಎಂದು ಗುಲಾಬಕ್ಕ ಮನೆಮನೆ ತಿರುಗಿ ಚಿಪ್ಪಿನವರನ್ನೆಲ್ಲ ಒಪ್ಪಿಸಿದ್ದರು. ಅವರ ಅಬ್ಬಿ, ಅಂದರೆ ತಾಯಿ, ಚಿಪ್ಪು ತೆಗೆದು ಇವರನ್ನು ಸಾಕಿದ ದಿಬ್ಬ ದಕ್ಷಿಣಕ್ಕೆ ಬೇರೊಂದು ಹೊಳೆಯಲ್ಲಿತ್ತು. ಈಗ ಅಲ್ಲಿ ಕೈ ಹಾಕಿದರೆ ಸತ್ತ ಚಿಪ್ಪು ಮಾತ್ರ. ಅದು ಖಾಲಿಯಾದದ್ದನ್ನು ಕಣ್ಣಾರೆ ಕಂಡವರು ಅವರು. ಚಿಪ್ಪಿನವರ ಷರತ್ತು ಒಂದೇ: ಮರಿ ಇರುವುದನ್ನು ಎಣಿಸಿ ತೋರಿಸಬೇಕು. ಅಗೆದು ನೋಡಿದ ಹೆಚ್ಚಿನ ಕಡೆ ಇಪ್ಪತ್ತಕ್ಕಿಂತ ಜಾಸ್ತಿ ಮರಿ ಸಿಕ್ಕಿದರೆ ದಿಬ್ಬ ಉಳಿಯಿತು. ಇಲ್ಲದಿದ್ದರೆ ಗುಲಾಬಕ್ಕನ ಮಾತೂ ಮುಳುಗಿತು, ದಿಬ್ಬವೂ ಮುಳುಗಿತು.

ತೆಗೆಯುವವರು ಒಬ್ಬರು, ಕೊಳ್ಳುವವರು ಒಬ್ಬರು ಬೇರೆಬೇರೆಯಾಗಿ ಎಣಿಸಿದರೆ ಊರು ನಂಬುತ್ತದೆ ಎಂದು ಉಪಾಯ ಹೇಳಿದ್ದು ನಾನೇ. ಕುದ್ರುವಿನ ಬದಿ ಗುಲಾಬಕ್ಕನಿಗೆ, ಈಚೆ ಬದಿ ನನಗೆ. ಒಂದು ಮರದ ಚೌಕವನ್ನು ಕೆಸರಿನ ಮೇಲೆ ಎಸೆಯಬೇಕು, ಅದರೊಳಗೆ ಗೇಣುದ್ದ ಅಗೆದು ಬುಟ್ಟಿಯಲ್ಲಿ ಜಾಲಿಸಿ ಮರಿಗಳನ್ನು ಎಣಿಸಬೇಕು, ಬರೆದು, ಮತ್ತೆ ಅಲ್ಲೇ ಬಿಡಬೇಕು. ಹೀಗೆ ಹತ್ತು ಸಲ. ಒಬ್ಬರ ಎಣಿಕೆ ಇನ್ನೊಬ್ಬರಿಗೆ ಗೊತ್ತಾಗಬಾರದು. "ಎರಡೂ ಹತ್ತಿರ ಬರಬೇಕು, ಆದರೆ ಒಂದೇ ಆಗಬಾರದು. ಒಂದೇ ಆದರೆ ನಕಲು ಅಂತಲೇ ಲೆಕ್ಕ" ಎಂದಿದ್ದರು ಮೇಡಂ. ನನಗೆ ಇದು ಕೂಡಲೇ ಅರ್ಥವಾಯಿತು. ಏಲಂನಲ್ಲಿ ಇಬ್ಬರು ಒಂದೇ ಬೆಲೆ ಕೂಗಿದರೆ ಹಿಂದಿನ ಸಂಜೆ ಜೊತೆಗೆ ಕೂತಿದ್ದಾರೆ ಎಂದೇ ತಿಳಿಯಬೇಕು. ಮಾತಾಡಿಕೊಳ್ಳದ ಹಾಗೆ ನಮ್ಮಿಬ್ಬರ ಮೊಬೈಲುಗಳೂ ಮೇಡಂ ಚೀಲ ಸೇರಿದವು.

ನಾಲ್ಕೈದು ವರ್ಷದ ಹಿಂದಿನ, ಚಳಿಗಾಲದ ಒಂದು ಬೆಳಗು. ಕಡವಿಗೆ, ಅಂದರೆ ದೋಣಿ ಹತ್ತುವ ಜಾಗಕ್ಕೆ, ಎಲ್ಲರೂ ಬಂದಿದ್ದೆವು. ಗುಲಾಬಕ್ಕನನ್ನು ಕುದ್ರುವಿಗೆ ದಾಟಿಸಲು ದೋಣಿಯವನು ಹುಟ್ಟು ಹಿಡಿದು ನಿಂತಿದ್ದ. ನಾನು ಏರಿಯ ಮೇಲೆ ನಡೆದು ನನ್ನ ಬದಿಗೆ ಹೋದೆ. ದಿಬ್ಬಕ್ಕೆ ಇಳಿಯುವಷ್ಟರಲ್ಲಿ ಮಂಜು ಕವಿಯಿತು. ಅಂಥ ಮಂಜನ್ನು ನಾನು ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ನನ್ನ ಕೈ ಚಾಚಿದರೆ ಬೆರಳುಗಳು ಬೇರೆ ಯಾರದೋ ಎಂಬಂತೆ ಕಾಣುತ್ತಿದ್ದವು.

ಮೊದಲ ಚೌಕ ಎಸೆದೆ. ಎಣಿಸಿದೆ. ಮೂವತ್ತೆರಡು. ಮುಚ್ಚಿಡದೆ ಹೇಳುತ್ತೇನೆ, ನಾನು ಬರೆದದ್ದು ಹದಿನೆಂಟು. ದಿಬ್ಬ ಮುಚ್ಚಿದರೆ ನನ್ನ ಟೆಂಪೊ ಮಳೆಗಾಲದವರೆಗೆ ಅರ್ಧ ಖಾಲಿ ಓಡಬೇಕು. ಸುತ್ತ ಮಂಜು, ನೋಡುವವರಿಲ್ಲ.

ಆಗ ಆಚೆಯಿಂದ ಕೇಳಿಸಿತು. ಲಾಭ, ಎರಡು, ಮೂರು... ಗುಲಾಬಕ್ಕನದೇ ಧ್ವನಿ. ಜೋರೇನಲ್ಲ, ಪಕ್ಕದ ಕೋಣೆಯಲ್ಲಿ ಯಾರೋ ಅಕ್ಕಿ ಅಳೆಯುತ್ತಿರುವಂತೆ. ಇವರಿಗೆ ಬಾಯಿ ಮುಚ್ಚಿ ಎಣಿಸಲು ಬರುವುದಿಲ್ಲವಲ್ಲ ಎಂದು ನಕ್ಕೆ. ಮೂವತ್ತು, ಮೂವತ್ತೊಂದು, ಮೂವತ್ತೆರಡು. ನಿಂತಿತು.

ಹದಿನೆಂಟನ್ನು ಹೊಡೆದು ಮೂವತ್ತೆರಡು ಎಂದು ಬರೆದೆ. ಯಾಕೆ ಎಂದು ಕೇಳಬೇಡಿ, ಕೈ ಬರೆಯಿತು. ಎರಡನೆಯ ಚೌಕದಲ್ಲಿ ನನಗೆ ಇಪ್ಪತ್ತೇಳು. ಅಲ್ಲಿಯೂ ಇಪ್ಪತ್ತೇಳಕ್ಕೆ ನಿಂತಿತು. ಮೂರನೆಯದೂ ಹಾಗೆಯೇ ಆದಾಗ ಕೂಗಿದೆ: "ಹ್ವಾಯ್ ಗುಲಾಬಕ್ಕಾ, ಮನ್ಸಂಗೇ ಎಣ್ಸಿ! ನಂಗೆಲ್ಲಾ ಕೇಂತಿತ್ತ್!" ಧ್ವನಿ ಮತ್ತೆ ಲಾಭದಿಂದ ಶುರುವಾಯಿತು.

ನಾನು ಪರೀಕ್ಷೆ ಮಾಡದೆ ಬಿಡುವವನಲ್ಲ. ಆರನೆಯ ಚೌಕವನ್ನು ಬೇಕೆಂದೇ ದೂರಕ್ಕೆ, ಚಿಪ್ಪು ನಿಲ್ಲದ ಗಟ್ಟಿ ಮರಳಿನ ಮೇಲೆ ಎಸೆದೆ. ಅಗೆಯುವ ಮೊದಲೇ ಆಚೆಯಿಂದ ಬಂತು: ಲಾಭ, ಎರಡು, ಮೂರು. ಅಷ್ಟೆ. ಅಗೆದೆ, ಜಾಲಿಸಿದೆ. ಬುಟ್ಟಿಯ ತಳದಲ್ಲಿ ಮೂರೇ ಮೂರು ಮರಿ, ಮಗುವಿನ ಉಗುರಿನಷ್ಟು.

ಹೆದರಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಮೈ ಹಗುರಾಗಿತ್ತು. ಚಳಿ ಗೊತ್ತಾಗುತ್ತಿರಲಿಲ್ಲ. ಬೆಲೆ, ಟೆಂಪೊ, ಮಾರುಕಟ್ಟೆ ಎಲ್ಲ ಬೇರೆ ಊರಿನ ಸಂಗತಿಗಳಂತೆ ದೂರ ನಿಂತಿದ್ದವು. ಆ ಧ್ವನಿಯ ಲಯಕ್ಕೆ ನನ್ನ ಉಸಿರೂ ಕೈಯೂ ಸೇರಿಕೊಂಡು, ನಾನು ಎಣಿಸುತ್ತಿದ್ದೇನೋ ನನ್ನನ್ನು ಯಾರೋ ಎಣಿಸುತ್ತಿದ್ದಾರೋ ಎಂದು ತಿಳಿಯದಂತಾಗಿತ್ತು. ಹತ್ತನೆಯದು ಮುಗಿದಾಗ ಇನ್ನೂ ಸ್ವಲ್ಪ ಇರಬಾರದಿತ್ತೇ ಎನಿಸಿತು. ಚೌಕವನ್ನು ಹನ್ನೊಂದನೆಯ ಸಲ ಎಸೆದು ಕಾದೆ. ಆಚೆಯಿಂದ ಏನೂ ಬರಲಿಲ್ಲ.

ಮಂಜು ಎದ್ದಾಗ ಕುದ್ರುವಿನ ಬದಿಯ ಕೆಸರು ಆಗ ತಾನೇ ಒರೆಸಿದ ನೆಲದಂತಿತ್ತು. ಒಂದು ಹೆಜ್ಜೆಯ ಗುರುತಿಲ್ಲ. ಕಡವಿಗೆ ಬಂದರೆ ದೋಣಿ ಕಟ್ಟಿದಲ್ಲೇ ಇತ್ತು, ಗುಲಾಬಕ್ಕ ಚಹಾದ ಲೋಟ ಹಿಡಿದು ದೋಣಿಯವನಿಗೆ ಬೈಯುತ್ತಿದ್ದರು.

"ಮಂಜಿನೊಳ್ಗೆ ದೋಣಿ ಬಿಡುಕೆ ನಂಗೆಂತ ಹುಚ್ಚಾ?" ಎಂದ ಅವನು.

"ಹುಚ್ಚ್ ಇಲ್ಲೆ, ಸೋಂಬೇರಿತನ ಇತ್ತ್."

"ಗುಲಾಬಕ್ಕ, ನೀವ್ ಕುದ್ರಿಗೆ ಹೋಯ್ಲಿಲ್ಯಾ?" ಎಂದೆ.

"ಎಂತ ಮಾರಾಯ್ರೆ, ಈಜ್ಕಂಡ್ ಹೋಪ್ದಾ?"

ಅಷ್ಟು ಹೊತ್ತೂ ಗುಲಾಬಕ್ಕ ತಮ್ಮ ಪಕ್ಕದಲ್ಲೇ ಕೂತಿದ್ದರು ಎಂದು ಮೇಡಂ ಹೇಳಿದರು. ನೀರು ಏರಲು ಶುರುವಾಗಿದ್ದರಿಂದ ಅವರ ಎಣಿಕೆ ಮರುದಿನಕ್ಕೆ ಹೋಯಿತು. ನನ್ನ ಕಾಗದ ನನ್ನ ಜೇಬಿನಲ್ಲೇ ಉಳಿಯಿತು.

ಮರುದಿನ ನಾನು ಊರಲ್ಲಿರಲಿಲ್ಲ. ಬಿಜೂರಿನ ಮನೆಯೊಂದರ ಔತಣಕ್ಕೆ ಏಡಿ ಒಪ್ಪಿಸಲು ಮುಂಜಾನೆಯೇ ಟೆಂಪೊ ಹತ್ತಿದ್ದೆ. ಗುಲಾಬಕ್ಕ ಬಿಳಿ ಬಿಸಿಲಿನಲ್ಲಿ ಕುದ್ರುವಿನ ಬದಿ ಎಣಿಸಿ ಬಂದರಂತೆ. ಮೂರನೆಯ ದಿನ ಬೆಳಿಗ್ಗೆ ಎಲ್ಲರೂ ತರಬೇತಿಯ ಕೋಣೆಯಲ್ಲಿ ಸೇರಿದೆವು. ನಾನು ಅರ್ಧ ಗಂಟೆ ಮುಂಚೆಯೇ ಹೋಗಿ ಒಬ್ಬನೇ ಕೂತಿದ್ದೆ. ಮೇಜಿನ ಮೇಲೆ ಗುಲಾಬಕ್ಕನ ಕಾಗದವಿದ್ದ ಫೈಲು ಇತ್ತು. ನಾನು ಮುಟ್ಟಲಿಲ್ಲ. ನಿಜ ಹೇಳಬೇಕೆಂದರೆ, ಮುಟ್ಟಲು ಧೈರ್ಯವಾಗಲಿಲ್ಲ.

ಮೇಡಂ ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟರು. ಬೆರಳು ಒಂದರಿಂದ ಒಂದಕ್ಕೆ ಹೋಯಿತು, ಬಂತು. ಐದನೆಯದರ ಹೊತ್ತಿಗೇ ಅವರ ಮುಖ ಬಾಡಿತ್ತು. ಆರನೆಯದು, ಮೂರು ಮತ್ತು ಮೂರು.

"ಹತ್ತಕ್ಕೆ ಹತ್ತೂ ಒಂದೇ" ಎಂದರು. "ಇಲ್ಲಿ ಹದಿನೆಂಟು ಬರೆದು ಹೊಡೆದು ಹಾಕಿದ್ದೀರಿ. ಯಾಕೆ?"

ಚಿಪ್ಪಿನವರಲ್ಲಿ ಗುಸುಗುಸು ಎದ್ದಿತು. "ಇಬ್ರೂ ಸೇರ್ಕಂಡ್ ನಮ್ಮ್ ಹೊಟ್ಟಿಗೆ ಹೊಡ್ದದ್ದ್" ಎಂದ ಒಬ್ಬ. ಗುಲಾಬಕ್ಕ ಎದ್ದು ನಿಂತರು. ನನ್ನನ್ನು ಒಮ್ಮೆ ನೋಡಿದರು. ಅವರ ಅಬ್ಬಿಯ ದಿಬ್ಬ ಖಾಲಿಯಾದ ಹಾಗೆ ಇದೂ ಖಾಲಿಯಾಗುವುದು ಆ ಕಣ್ಣಲ್ಲಿ ನನಗೆ ಕಂಡಿತು.

ಜೀವನದಲ್ಲಿ ಎಷ್ಟೋ ಸಲ ಸುಳ್ಳು ಲೆಕ್ಕ ಹೇಳಿ ದಕ್ಕಿಸಿಕೊಂಡಿದ್ದೇನೆ. ಸರಿಯಾದ ಲೆಕ್ಕ ಬರೆದ ಒಂದು ದಿನ ಹೀಗಾಯಿತು. ವ್ಯಾಪಾರಿಗೆ ಒಂದು ಗೊತ್ತಿರಬೇಕು: ಎರಡರಲ್ಲಿ ಒಂದು ಮುಳುಗಲೇಬೇಕಾದರೆ ಯಾವುದನ್ನು ನೀರಿಗೆ ಬಿಡಬೇಕು ಎಂದು. ನಾನು ಎದ್ದು ಹೇಳಿದೆ: "ನಾನೇ ನಕಲು ಮಾಡಿದ್ದು. ಆ ದಿನ ಮಂಜಿಗೆ ಸರಿಯಾಗಿ ಎಣಿಸಲಿಲ್ಲ. ಈಗ ಮೊದಲೇ ಬಂದು ಅಕ್ಕನ ಕಾಗದ ನೋಡಿ ಬರೆದುಕೊಂಡೆ. ಅವರಿಗೆ ಏನೂ ಗೊತ್ತಿಲ್ಲ." ನನ್ನ ಕಾಗದವನ್ನು ನಾನೇ ಹರಿದೆ.

"ಯಾಪಾರಿ ಬುದ್ಧಿ ಬಿಡುದ್ ಹ್ಯಾಂಗೆ!" ಎಂದರು ಯಾರೋ. ಕೊಕ್ಕರ್ಣೆಯ ರೈತರು ಮಾತ್ರ ನಗಲಿಲ್ಲ. ನನ್ನನ್ನು ಬಹಳ ಹೊತ್ತು ನೋಡಿದರು. ಮುಂದಿನ ಇಳಿತಕ್ಕೆ ಅರಣ್ಯ ಕಾವಲುಗಾರರು ನನ್ನ ಬದಿಯನ್ನು ಮತ್ತೆ ಎಣಿಸಿದರು. ಅವರಿಗೆ ಬಂದದ್ದು ಗುಲಾಬಕ್ಕನ ಎಣಿಕೆಗೆ ಹತ್ತಿರ, ಆದರೆ ಒಂದೇ ಅಲ್ಲ. ಎಷ್ಟು ಬೇಕೋ ಅಷ್ಟೇ ಬೇರೆ. ಎಲ್ಲರೂ ಒಪ್ಪಿದರು. ಮಳೆ ಬರುವವರೆಗೆ ಆ ದಿಬ್ಬಕ್ಕೆ ಯಾರೂ ಕೈ ಹಾಕಲಿಲ್ಲ. ಮೇಡಂ ಒಂದು ವರ್ಷ ನನ್ನನ್ನು ಯಾವ ತರಬೇತಿಗೂ ಕರೆಯಲಿಲ್ಲ.

ಆ ವಾರವೇ ಒಂದು ಸಂಜೆ ಗುಲಾಬಕ್ಕ ನನ್ನ ಐಸಿನ ಕೋಣೆಗೆ ಬಂದರು. ಬಾಗಿಲಲ್ಲೇ ನಿಂತು ಕೇಳಿದರು: "ಸುಳ್ಳ್ ಎಂತಕ್ ಹೇಳ್ದ್ರಿ?"

"ಯಾವ ಸುಳ್ಳು?"

"ನೀವ್ ನಕ್ಲ್ ಮಾಡ್ಲಿಲ್ಲೆ. ನಂಗೊತ್ತಿತ್ತ್." ಸೆರಗಿನಿಂದ ಮುಖ ಒರೆಸಿಕೊಂಡರು. "ನಾ ಮೇಡಮ್ಮೋರ್ ಹೇಳ್ದ್ ಹಾಂಗೆ ಬಾಯಿ ಮುಚ್ಕಂಡೇ ಎಣ್ಸಿದೆ. ಈಚಿ ಬದಿಯಂಗೆ ನೀವ್ ದೊಡ್ಡ ಸ್ವರ ತೆಗ್ದ್ ಎಣ್ಸ್ತಾ ಇದ್ರಿ. ಹತ್ತಕ್ಕೊಂದ್ ಸಲ ಗಂಟ್ಲ್ ಸರಿ ಮಾಡ್ತ್ರಲ್ಲೆ, ಹಾಂಗೇ. ನಂಗ್ ಎಷ್ಟ್ ಬತ್ತೋ ಅಷ್ಟಕ್ಕೇ ನೀವ್ ನಿಲ್ಸ್ತಿದ್ರಿ. ಬಿಸ್ಲಿತ್ತ್. ಕಾಂಬುಕ್ ಯಾರೂ ಇಲ್ಲೆ."

"ಅಕ್ಕ, ನಾನು ಆ ದಿನ ಬಿಜೂರಿನಲ್ಲಿದ್ದೆ."

"ಅದೂ ಗೊತ್ತಿತ್ತ್. ಎದ್ದ್ ನಿಂತೆ, ಹೇಳುಕೆ ಬಾಯಿ ಬರ್ಲಿಲ್ಲೆ. ಹೇಳ್ರೆ ನನ್ ಕಾಗ್ದವೂ ಹರ್ದ್ ಹಾಕ್ತಿದ್ರ್."

ನನ್ನ ಬೆಳಗಿನ ಕಥೆಯನ್ನು ಆಗ ಹೇಳಿದೆ. ಅವರು ನಗಲಿಲ್ಲ, ಬೆರಗಾಗಲೂ ಇಲ್ಲ. ಚಿಪ್ಪು ಬೇಯಿಸುವ ಹೊತ್ತಾಯಿತು ಎಂದು ಹೊರಟುಹೋದರು.

ಆ ಧ್ವನಿ ನನ್ನ ಮನಸ್ಸಾಕ್ಷಿ ಎಂದು ಒಬ್ಬ ಗೆಳೆಯ ಹೇಳಿದ. ಇರಲಾರದು, ಅದಕ್ಕೆ ಅಷ್ಟು ಬಾಯಿ ಯಾವತ್ತೂ ಇರಲಿಲ್ಲ. ನೀರಿನ ಮೇಲೆ ಸದ್ದು ದೂರ ಹೋಗುತ್ತದೆ ಎಂದು ಇನ್ನೊಬ್ಬರು ಹೇಳಿದರು. ಹೋಗಲಿ, ಒಂದು ದಿನದಿಂದ ಇನ್ನೊಂದು ದಿನಕ್ಕೂ ಹೋಗುತ್ತದೆಯೇ? ನನಗೆ ಗೊತ್ತಿಲ್ಲ. ಮೇಡಂ ಈಗ ಮತ್ತೆ ಕರೆಯುತ್ತಾರೆ. ಹೊಸಬರಿಗೆ ಚೌಕ ಎಸೆಯುವುದು, ಜಾಲಿಸುವುದು, ಬರೆಯುವುದು ಎಲ್ಲ ಕಲಿಸುತ್ತೇನೆ. ಎರಡು ದಡಗಳಲ್ಲಿ ನಿಂತವರು ಒಬ್ಬರೊಡನೊಬ್ಬರು ಮಾತಾಡಕೂಡದು ಎಂದು ಗಟ್ಟಿಯಾಗಿಯೇ ಹೇಳುತ್ತೇನೆ. ಕೇಳಿಸಿಕೊಳ್ಳಲೂ ಕೂಡದು ಎಂದು ಹೇಳಲು ಮಾತ್ರ ನನಗೆ ಬಾಯಿ ಬರುವುದಿಲ್ಲ.