ಕತ್ತರಿಯವಳ ಡೆಲಿವರಿ ತಾರೀಖು

ನನ್ನ ತಮ್ಮ ಟೈಲರ್. ಎಲ್ಲರೂ ಅವನನ್ನು ಮಾಸ್ಟರ್ ಎನ್ನುತ್ತಾರೆ. ಅವನಿಗೆ ಅರವತ್ತೆರಡು, ನನಗೆ ಅರವತ್ತೊಂಬತ್ತು. ಅವನ ಅಂಗಡಿಯ ಒಳಬೆಂಚಿನ ಮೇಲೆ ಕೂತು ನಲವತ್ತು ವರ್ಷದಿಂದ ಕಾಜಾ ಹಾಕುತ್ತಿದ್ದೇನೆ. ಗುಂಡಿ ತೂರುವ ಕಂಡಿಯ ಸುತ್ತ ಒಂದೊಂದೇ ಹೊಲಿಗೆ ಹಾಕುವ ಕೆಲಸ. ಈ ಕೆಲಸದಲ್ಲಿ ಕಣ್ಣಿಗೆ ಬಿಡುವಿಲ್ಲ, ಬಾಯಿಗೆ ದಾರ ಕಚ್ಚುವ ಕೆಲಸ, ಕಿವಿ ಮಾತ್ರ ಖಾಲಿ. ಹಾಗಾಗಿ ಅಂಗಡಿಯಲ್ಲಿ ನಡೆದದ್ದೆಲ್ಲ ನನಗೆ ಕಿವಿಯಿಂದಲೇ ಗೊತ್ತು.

ಇಂಥ ತಮ್ಮನಿಗೆ ಫೋನಿನೊಳಗಿನ ಒಂದು ಆಟ ಮೋಸ ಮಾಡಿತು. ‘ಮೋಸ ಅನ್ಬೇಡ ಅತ್ತೆ, ನಿಯಮ ಎಲ್ಲ ಬರೆದಿದಾರೆ’ ಎನ್ನುತ್ತಾಳೆ ಅವನ ಮಗಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಅವಳ ಅಂಗಡಿಯ ಅತಿ ದಪ್ಪ ಗಾಜು ಹಾಕಿಕೊಂಡರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಬರೆದದ್ದು ಬರೆದ ಲೆಕ್ಕವೇ?

ಆಟವನ್ನು ಫೋನಿಗೆ ಹಾಕಿಕೊಟ್ಟವಳೂ ಅವಳೇ. ಬಲ್ಬು ಬದಲಿಸಲು ಸ್ಟೂಲ್ ಹತ್ತಿದ ತಮ್ಮ ಬಿದ್ದು ಕಾಲು ಮುರಿದುಕೊಂಡಿದ್ದ. ದಿನಕ್ಕೆ ಹತ್ತು ಗಂಟೆ ನಿಂತು ಬಟ್ಟೆ ಕತ್ತರಿಸುವವನನ್ನು ಆರು ವಾರ ಮಂಚದ ಮೇಲೆ ಕೂರಿಸಿದರೆ ಏನಾಗಬೇಕು? ಮನೆಯಲ್ಲಿ ನಮ್ಮೆಲ್ಲರ ಪ್ರಾಣ ತಿಂದ. ಬೆಳಗ್ಗೆ ಪರದೆಯ ಹೊಲಿಗೆ ಸೊಟ್ಟ ಎಂದ, ಮಧ್ಯಾಹ್ನ ದಿಂಬಿನ ಚೀಲದ ಮೂಲೆ ಸರಿಯಿಲ್ಲ ಎಂದ. ಮಗಳು ತಡೆಯಲಾರದೆ ಫೋನು ಕೈಗಿಟ್ಟು, ‘ತಗೋ ಅಪ್ಪಾ, ಇವರ ಬಟ್ಟೇಲಿ ತಪ್ಪು ಹುಡುಕ್ತಿರು’ ಎಂದಳು.

ಹುಡುಕಿದ. ಕಾರ್ಟೂನಿನ ಹಾಗೆ ಬರೆದ ದೊಡ್ಡ ಕಣ್ಣಿನ ಹುಡುಗ ಹುಡುಗಿಯರು ಕಪ್ಪು ಹೊಗೆಯಂಥ ರಾಕ್ಷಸರೊಡನೆ ಹೊಡೆದಾಡುತ್ತಾರೆ. ‘ಯುದ್ಧಕ್ಕೆ ಹೊರಟೋಳಿಗೆ ಮೊಣಕಾಲು ಮುಚ್ಚೋಷ್ಟು ಬಟ್ಟೆ ಕೊಡೋಕೆ ಇವರಿಗೇನು ಬರಗಾಲ?’ ಎಂದು ಬೈದ. ಆ ವಿಷಯದಲ್ಲಿ ನನ್ನದೂ ಅದೇ ಮಾತು.

ಆದರೆ ಒಳ್ಳೆಯದನ್ನು ಒಳ್ಳೆಯದು ಅನ್ನಬೇಕು. ಆ ಹೊಡೆದಾಟದಲ್ಲಿ ಕೈಚಳಕ ಇದೆ. ರಾಕ್ಷಸ ಕೈಯೆತ್ತಿದ ಗಳಿಗೆಯಲ್ಲೇ ಸರಿದರೆ ಸಣ್ಣ ಗಂಟೆ ಕೇಳುತ್ತದೆ, ಎಲ್ಲ ನಿಧಾನವಾಗುತ್ತದೆ, ಆಗ ತಿರುಗಿ ಹೊಡೆಯಬೇಕು. ಮೊದಲ ವಾರ ದಿನಕ್ಕೆ ಎರಡು ಸಲ ಗಂಟೆ ಕೇಳಿದರೆ ಹೆಚ್ಚು. ಆರನೇ ವಾರಕ್ಕೆ ಸಾಲಾಗಿ ಕೇಳಿಸುತ್ತಿತ್ತು. ಹಾಡುಗಳೂ ಹಿತವಾಗಿದ್ದವು, ಮಳೆಯ ಜಾಗಕ್ಕೊಂದು, ಬಯಲಿಗೊಂದು. ನಾನೇ ಎಷ್ಟೋ ಸಲ ಸೂಜಿ ನಿಲ್ಲಿಸಿ ಕೇಳಿದ್ದೇನೆ.

ಕೋಲು ಬಿಟ್ಟು ಅಂಗಡಿಗೆ ಬಂದ ಮೇಲೂ ಫೋನು ಇಸ್ತ್ರಿಪೆಟ್ಟಿಗೆಯ ಪಕ್ಕ ಇರುತ್ತಿತ್ತು. ಆಗ ಆಟದೊಳಗೆ ಬಂದವಳು ಕತ್ತರಿಯವಳು.

ಕೂದಲೆಲ್ಲ ಬೆಳ್ಳಗೆ, ಮುಖ ಮಾತ್ರ ಇಪ್ಪತ್ತರದು. ಆಳೆತ್ತರದ ಕತ್ತರಿ ಹಿಡಿದು ಹೊಡೆಯುತ್ತಾಳೆ. ಮೈಮೇಲೆ ಉದ್ದನೆಯ ಕೋಟು. ತಮ್ಮ ಅವತ್ತು ನನ್ನ ಬೆಂಚಿನ ತನಕ ಕುಂಟುತ್ತಾ ಬಂದು ತೋರಿಸಿದ.

‘ಅಕ್ಕಾ, ಭುಜ ನೋಡು. ತಿರುಗಿದಾಗ ಒಳಗಿನ ಲೈನಿಂಗು ಕಾಣ್ಸತ್ತೆ, ಆದ್ರೆ ಕಾಲರ್ ಅಲ್ಲಾಡಲ್ಲ. ಇದನ್ನ ಬರೆದೋನಿಗೆ ಬಟ್ಟೆ ಗೊತ್ತು.’

‘ಮದುವೆ ಮಾಡ್ಕೊಳ್ಳೋ ಹಾಗೆ ನೋಡ್ತಿದೀಯ’ ಎಂದೆ.

‘ಅವಳನ್ನಲ್ಲ ಕಣಕ್ಕಾ, ಕೋಟನ್ನ’ ಎಂದ.

ಅವಳು ಅವನ ಕಡೆಯವಳಾಗಬೇಕು ಎಂಬುದೊಂದೇ ಆಸೆ ಅಲ್ಲಿಂದ ಹಿಡಿಯಿತು. ಆಟದವರು ಅವಳನ್ನು ಕೊಟ್ಟೂ ಇದ್ದರು. ಆಟದೊಳಗಿನ ಒಂದು ಕಥೆಯ ತುಂಬ ಅವಳನ್ನೇ ಆಡಿಸಿದ. ಅವಳ ಚಿತ್ರದ ಮೇಲೆ ಟ್ರಯಲ್ ಎಂದಿತ್ತು. ಕೆಳಗೆ ಇನ್ನು ಇಪ್ಪತ್ತೊಂದು ದಿನ ಎಂದಿತ್ತು. ಅವನಿಗೆ ಬರುವ ಇಂಗ್ಲಿಷು ಅಂಗಡಿಗೆ ಬೇಕಾದಷ್ಟೇ, ಅದರಲ್ಲಿ ಈ ಎರಡೂ ಸೇರಿದ್ದವು.

ನಮ್ಮ ಬಿಲ್ಲಿನಲ್ಲಿ ಎರಡು ತಾರೀಖು ಇರುತ್ತವೆ. ಒಂದು ಟ್ರಯಲ್, ಇನ್ನೊಂದು ಡೆಲಿವರಿ. ಬಿಳಿ ದಾರದ ಕಚ್ಚಾ ಹೊಲಿಗೆ ಹಾಕಿ, ಒಮ್ಮೆ ಮೈಮೇಲೆ ತೊಡಿಸಿ ನೋಡಿದರೆ ಮುಗಿಯಿತು, ಆ ಬಟ್ಟೆ ಆ ಮೈಯದು. ಬೇರೆ ಯಾರಿಗೂ ಕೊಡುವಂತಿಲ್ಲ. ಟ್ರಯಲ್ ಮುಗಿಸಿ ಹೋದ ಒಬ್ಬರು ಹನ್ನೊಂದು ವರ್ಷದಿಂದ ಬಂದಿಲ್ಲ. ಅವರ ಕೋಟು ಇವತ್ತಿಗೂ ಬೀರುವಿನಲ್ಲಿದೆ, ವರ್ಷಕ್ಕೊಮ್ಮೆ ನಾನೇ ನುಸಿಗುಳಿಗೆ ಬದಲಿಸುತ್ತೇನೆ.

ಹೀಗೆ ಬದುಕಿದವನು ಏನು ತಿಳಿದುಕೊಳ್ಳಬೇಕು? ಟ್ರಯಲ್ ಆಯಿತು, ಇಪ್ಪತ್ತೊಂದು ದಿನಕ್ಕೆ ಡೆಲಿವರಿ ಎಂದುಕೊಂಡ. ಯಾರನ್ನೂ ಕೇಳಲಿಲ್ಲ. ದಿನಾ ಹಾಜರಿ ಹಾಕಿ ಬಂಡೆ ಒಡೆದು, ರಾಕ್ಷಸರನ್ನು ಕೊಂದು, ಅವಳ ಕತ್ತರಿಗೆ ಬೇಕಾದ ಉಕ್ಕು ಕೂಡಿಸಿ ಸಾಣೆ ಹಿಡಿಸಿದ. ಅದೂ ಒಂದೇ ಸಲಕ್ಕೆ ಆಗುವಂತಿಲ್ಲ. ಇಪ್ಪತ್ತು ನಿಮಿಷಕ್ಕೆ ಶಕ್ತಿ ಮುಗಿಯಿತು ಎನ್ನುತ್ತದೆ, ಅದು ತುಂಬಿದಾಗ ಬಾ ಎಂದು ತಾನೇ ಕರೆಯುತ್ತದೆ. ಗಿರಾಕಿಯ ಅಳತೆ ಹಿಡಿದಿರುವಾಗ ಕರೆಯುತ್ತದೆ, ಬಾಯಲ್ಲಿ ಗುಂಡುಸೂಜಿ ಇರುವಾಗ ಕರೆಯುತ್ತದೆ. ಯಜಮಾನನಾದರೂ ಇಷ್ಟು ಸಲ ಕರೆಯುವುದಿಲ್ಲ. ಇವನು ಎದ್ದು ಹೋಗುತ್ತಿದ್ದ.

ಇಪ್ಪತ್ತೊಂದನೇ ದಿನ ಮಗಳು ಊಟದ ಹೊತ್ತಿಗೆ ಅಂಗಡಿಗೆ ಬಂದಳು. ಅಪ್ಪ ತಲೆ ಬಾಚಿಕೊಂಡು, ಫೋನಿನ ಎದುರು ಕೂತಿದ್ದ.

‘ಏನಪ್ಪಾ, ಯಾರಾದ್ರೂ ಬರ್ತಾರಾ?’

‘ಕತ್ತರಿಯವಳು. ಮೂರು ಗಂಟೆಗೆ. ಇಲ್ನೋಡು, ಇನ್ನು ನಲವತ್ತು ನಿಮಿಷ ಅಂತ ಅವರೇ ಹಾಕಿದಾರೆ.’

ಊಟದ ಡಬ್ಬಿಯ ಮುಚ್ಚಳ ಮೇಜಿಗೆ ತಗಲಿದ ಸದ್ದು ಕೇಳಿತು. ಆಮೇಲೆ ಅವಳ ದನಿ, ತೀರ ಮೆಲ್ಲಗೆ. ‘ಅಪ್ಪಾ, ಅದು ಅವಳು ಬರೋ ಹೊತ್ತಲ್ಲ. ಹೋಗೋ ಹೊತ್ತು.’

‘ಟ್ರಯಲ್ ಕೊಟ್ಟಿದಾರಲ್ಲ.’

‘ಆಸೆ ಹುಟ್ಟಿಸೋಕೆ ಕೊಟ್ಟಿದ್ದು. ಬೇಕು ಅಂದ್ರೆ ಕಲ್ಲು ಹಾಕಿ ಚೀಟಿ ಎತ್ತಬೇಕು. ಇಷ್ಟು ದಿನ ಒಂದೂ ಎತ್ತಿಲ್ವಾ?’

‘ಡೆಲಿವರಿ ಕೊಡೋರು ಇದ್ದಾಗ ಚೀಟಿ ಯಾಕೆ ಎತ್ತಲಿ?’

ಚೀಟಿ ಎಂದರೆ ಹೀಗೆ. ಆಟದಲ್ಲಿ ದುಡಿದ ಹೊಳೆಯುವ ಕಲ್ಲುಗಳನ್ನು ಹಾಕಿದರೆ ಏನಾದರೊಂದು ಬೀಳುತ್ತದೆ. ಹೆಚ್ಚಿನ ಸಲ ಯಾರಿಗೂ ಬೇಡದ ಕತ್ತಿ. ಕೋಟು ಹೊಲಿಸಲು ಬಂದವನಿಗೆ ‘ಈ ಚೀಲದೊಳಗೆ ಕೈ ಹಾಕು’ ಎಂದು ಹೇಳಿ, ಎಂಬತ್ತು ಸಲ ಕರವಸ್ತ್ರ ಕೊಟ್ಟು ಕಳಿಸಿದ ಹಾಗೆ. ಅಂಥ ಟೈಲರಿಗೆ ನಮ್ಮ ಬೀದಿಯಲ್ಲಿ ಏನು ಬೀಳುತ್ತಿತ್ತೋ ನಾನು ಹೇಳಬೇಕಾಗಿಲ್ಲ.

ಒಂದನ್ನೂ ಖರ್ಚು ಮಾಡದ್ದರಿಂದ ಅವನ ಬಳಿ ತೊಂಬತ್ತು ಚೀಟಿಗಾಗುವಷ್ಟು ಕಲ್ಲು ಇತ್ತು. ತೊಂಬತ್ತರೊಳಗೆ ಕತ್ತರಿಯವಳಂಥ ದೊಡ್ಡವರೊಬ್ಬರು ಬಂದೇ ಬರುತ್ತಾರಂತೆ. ಅವಳೇ ಬರುತ್ತಾಳೆ ಎಂದೇನಿಲ್ಲ, ಅರ್ಧಕ್ಕರ್ಧ. ಮಗಳು ಒತ್ತಿದಳು. ಹತ್ತು ಹತ್ತಾಗಿ ಬಿದ್ದವು. ಪ್ರತಿ ಸಲವೂ ಸದ್ದು ಒಂದೇ ಥರ; ಸೊರ್ರನೆ ಮೇಲೇರುವುದು, ಏನೋ ಬಂತು ಎನ್ನಿಸುವುದು, ಧೊಪ್ಪನೆ ಇಳಿಯುವುದು. ಆ ಸದ್ದನ್ನು ಮಾಡಿದವನು ಜಾಣ, ಮನುಷ್ಯರ ಎದೆಬಡಿತಕ್ಕೆ ಅಳತೆ ಹಿಡಿದು ಮಾಡಿದ್ದಾನೆ. ಅದಕ್ಕೇ ನನಗೆ ಮೈ ಉರಿಯುವುದು.

ಕಡೆಯ ಹತ್ತರಲ್ಲಿ ಸದ್ದು ಇಳಿಯಲಿಲ್ಲ. ತಮ್ಮ ಎದ್ದು ನಿಂತ.

‘ಯಾರೇ ಅದು?’ ಎಂದೆ ನಾನು.

‘ಕೆಂಪು ಕೂದಲ ಹುಡುಗ, ಅತ್ತೆ. ತೋಪು ಹಿಡ್ಕೊಂಡಿದಾನೆ.’

ಆ ಹುಡುಗನ ಅಂಗಿಗೆ ಒಂದು ತೋಳೇ ಇರಲಿಲ್ಲವಂತೆ, ಅದನ್ನು ತಮ್ಮ ಆಮೇಲೆ ಹೇಳಿದ.

ಅಷ್ಟರಲ್ಲಿ ಇನ್ನೊಂದು ಸದ್ದು ಬಂತು, ಬೆಣ್ಣೆ ಸವರಿದಂಥ ಸದ್ದು. ಈಗ ದುಡ್ಡು ಕೊಟ್ಟು ಕಲ್ಲು ಕೊಳ್ಳಬಹುದು, ಬೆರಳು ಇಟ್ಟರೆ ಸಾಕು, ಆರು ನಿಮಿಷ ಉಳಿದಿದೆ ಎನ್ನುತ್ತಿತ್ತಂತೆ ಆಟ. ಮುಂದಿನ ದೊಡ್ಡವರು ಖಂಡಿತ ಅವಳೇ, ಆದರೆ ಮತ್ತೆ ತೊಂಬತ್ತು ಚೀಟಿ ಬೇಕಾದರೂ ಬೇಕು ಎಂದಳು ಮಗಳು. ಅಷ್ಟಕ್ಕೆ ಎಷ್ಟಾಗುತ್ತದೆ ಎಂದು ಕೇಳಿದೆ. ಒಂದು ಹೊಸ ಹೊಲಿಗೆ ಮಷಿನ್ನು ಬರುತ್ತದೆ ಎಂದಳು.

‘ಸಾಣೆ ಹಿಡಿಸಿದೀನಿ ಕಣೇ’ ಎಂದ ಅವನು. ‘ಕತ್ತರಿ ಸಿದ್ಧ ಇದೆ. ಅವಳೊಬ್ಬಳು ಬಂದ್ರೆ ಸಾಕು.’ ಬೆರಳು ಫೋನಿನ ಮೇಲೆ ಹೋಗಿತ್ತು. ‘ಅಕ್ಕಾ, ಏನ್ಮಾಡ್ಲಿ?’

ಇಪ್ಪತ್ತೊಂದು ದಿನ ನುಂಗಿಕೊಂಡದ್ದು ಬಾಯಿಗೆ ಬಂತು. ‘ಅವರು ಕಳ್ಳರು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನಿನ್ನ ತಲೆ ಮೇಲಿನ ಕೊಕ್ಕೆ ನೋಡು ತಮ್ಮಾ.’

ಕೊಕ್ಕೆಯಲ್ಲಿ ಪಿಟೀಲು ನುಡಿಸುವವರ ಕೋಟು ನೇತಾಡುತ್ತಿತ್ತು. ಇನ್ನೂ ಕಚ್ಚಾ ಹೊಲಿಗೆ, ಕೂತದ್ದು ಎಡ ತೋಳು ಮಾತ್ರ. ಕಮಾನು ಎಳೆಯುವ ಬಲಗೈಗೆ ಬಿಗಿಯಾಗಬಾರದು ಎಂದು ಟ್ರಯಲ್ಲಿನ ದಿನ ಅಂಗಡಿಯಲ್ಲೇ ನಿಂತು ಗಾಳಿಯಲ್ಲಿ ನುಡಿಸಿ ತೋರಿಸಿದ್ದರು. ನಿನ್ನೆ ಡೆಲಿವರಿ ಇತ್ತು. ಬಂದವರಿಗೆ ‘ನಾಳೆ ಬನ್ನಿ ಸಾರ್’ ಎಂದು ಹೇಳಿ ಇವನು ಬಂಡೆ ಒಡೆಯಲು ಹೋಗಿದ್ದ. ಇವತ್ತು ಸಂಜೆ ಅವರ ಕಛೇರಿ.

‘ಅವರೂ ಟ್ರಯಲ್ ಹಾಕ್ಕೊಂಡು ಹೋದೋರೇ’ ಎಂದೆ.

ಫೋನನ್ನು ತಮ್ಮ ಬೋರಲು ಹಾಕಿದ. ಅದು ಒಳಗೇ ಏನೇನೋ ಹಾಡಿತು, ಆಮೇಲೆ ಸುಮ್ಮನಾಯಿತು. ಮೂರು ಗಂಟೆಯಾಗಿತ್ತು. ಆಗ ನನಗೆ ಕೇಳಿದ್ದು ಕತ್ತರಿಯ ಸದ್ದು, ನಮ್ಮ ಅಂಗಡಿಯದು. ಬಲ ತೋಳು ಕೂರುವ ಸುತ್ತನ್ನು ಕತ್ತರಿಸಿ, ಕಂಕುಳ ಕೆಳಗೆ ಅರ್ಧ ಬೆರಳು ಸಡಿಲ ಬಿಟ್ಟು ಕೂರಿಸುತ್ತಿದ್ದ.

‘ಕಾಜಾ ಆಯ್ತಾ ಅಕ್ಕಾ?’

‘ನಂದು ಆಗಿ ಎಂಟು ದಿನ ಆಯ್ತು. ನಿನ್ನ ತೋಳು ಬರಲಿ.’

ಐದಕ್ಕೆ ಪಿಟೀಲಿನವರು ಬಂದರು. ಕೋಟು ತೊಟ್ಟು ಬಲಗೈ ಎತ್ತಿ, ಇಳಿಸಿ, ಮತ್ತೆ ಎತ್ತಿದರು. ‘ಸರಿಯಾಗಿದೆ ಮಾಸ್ಟ್ರೇ. ನಿನ್ನೆ ಕೊಟ್ಟಿದ್ರೆ ಇನ್ನೂ ಸರಿಯಾಗಿರ್ತಿತ್ತು’ ಎಂದು ನಕ್ಕು ಹೊರಟರು. ತಮ್ಮ ತಲೆ ತಗ್ಗಿಸಿ ಇಸ್ತ್ರಿಪೆಟ್ಟಿಗೆ ಒರೆಸಿದ.

ಅವನು ಆಡುವುದನ್ನು ಬಿಟ್ಟಿಲ್ಲ. ಅಂಗಡಿ ಮುಚ್ಚಿದ ಮೇಲೆ ಅರ್ಧ ಗಂಟೆ ಆಡುತ್ತಾನೆ. ಗಂಟೆಗಳು ಸಾಲಾಗಿ ಕೇಳುತ್ತವೆ. ಸಾಣೆ ಹಿಡಿಸಿದ ಆ ಕತ್ತರಿಯನ್ನು ಬೇರೆ ಯಾರೂ ಹಿಡಿಯುವಂತಿಲ್ಲ, ಆಟದ ಚೀಲದಲ್ಲಿ ಬಿದ್ದಿದೆ. ನಾನು ಬಿಡದೆ ಮಗಳಿಂದ ಕಂಪನಿಗೆ ಬರೆಸಿದೆ. ಹೊಡೆದಾಟಕ್ಕೆ ಪೂರ್ತಿ ಅಂಕ, ಹಾಡಿಗೆ ಪೂರ್ತಿ ಅಂಕ, ಕೋಟಿಗೆ ಪೂರ್ತಿ ಅಂಕ, ಗಿರಾಕಿಯನ್ನು ನಡೆಸಿಕೊಳ್ಳುವ ರೀತಿಗೆ ಸೊನ್ನೆ. ಟ್ರಯಲ್ ಕೊಟ್ಟ ಮೇಲೆ ಮಾಲು ಕೊಡಬೇಕು, ಕೊಡುವುದಿಲ್ಲವಾದರೆ ಮೈಗೆ ತೊಡಿಸಬಾರದು.

ಮೂರನೇ ದಿನ ಉತ್ತರ ಬಂತು. ಮಗಳು ಓದಿದಳು. ‘ಪ್ರೀತಿಯ ವೀರರೇ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ. ಅವಳು ಮುಂದೊಂದು ದಿನ ಮರಳಿ ಬರಬಹುದು.’

ಬಟ್ಟೆಯ ಮೇಲೆ ಬಗ್ಗಿದ್ದ ತಮ್ಮ ಕೇಳಿದ. ‘ತಾರೀಖು ಹಾಕಿದಾರಾ?’

‘ಇಲ್ಲಪ್ಪ.’

‘ಹಾಗಾದ್ರೆ ಅದು ಬಿಲ್ಲೇ ಅಲ್ಲ’ ಎಂದು ಸೀಮೆಸುಣ್ಣಕ್ಕೆ ಕೈ ಚಾಚಿದ.