ವಾಲುಮನೆಯ ಸೆರೆಯಾಳು

ಹಿಂದೆ ಕಡಲ್ಗಳ್ಳರ ಬೀಡಾಗಿದ್ದ ಬಂದರೂರು ಪೋರ್ಟ್ ರಾಯಲ್‌ನಲ್ಲಿ ಯುಲಾಲಿ ಪಿನಾಕ್‌ಳ ಬಾಯಿಗೆ ಹೆದರದವರಿಲ್ಲ. ವರ್ಷಗಟ್ಟಲೆ ಮೀನು ಹುರಿದು ಮಾರಿದ ಹೆಂಗಸು. ಗಿರಾಕಿಗಳು ಎದ್ದುಹೋಗದಿರಲಿ ಎಂದು ಕಡಲ್ಗಳ್ಳರ ಕಥೆ ಬಿಡುತ್ತಿದ್ದಳು. ಬರಬರುತ್ತಾ ಮೀನಿಗಿಂತ ಕಥೆಗೇ ಜನ ಜಾಸ್ತಿಯಾದರು. ಬಾಣಲೆಯನ್ನು ನಾದಿನಿ ಐಸಿಲ್ಡಾಳಿಗೆ ಒಪ್ಪಿಸಿ, ಪರವಾನಗಿ ಪಡೆದು, ಹಡಗಿನಲ್ಲಿ ಬರುವ ಪ್ರವಾಸಿಗರಿಗೆ ಊರು ತೋರಿಸಲು ನಿಂತಳು. ಇವತ್ತಿಗೂ ಅವಳೇ ನಮ್ಮೂರಿನ ದೊಡ್ಡ ಗೈಡು, ಯಾರಿಗೆ ಹೊಟ್ಟೆ ಉರಿದರೂ ಉರಿಯಲಿ.

"ಅಗೋ, ಆ ನೀರಿನ ಕೆಳಗೆ ಹೆಂಡದಂಗಡಿ, ಅದರ ಪಕ್ಕದಲ್ಲೇ ಚರ್ಚು," ಎನ್ನುವಳು ಸಮುದ್ರದತ್ತ ಕೈ ತೋರಿಸಿ. "ಭೂಕಂಪ ಬಂದಾಗ ಎರಡೂ ಜೊತೆಗೇ ಮುಳುಗಿದ್ವು. ದೇವ್ರಿಗೆ ಭೇದಭಾವ ಇಲ್ಲ ನೋಡಿ!"

ಅವಳ ಸುತ್ತಾಟದಲ್ಲಿ ಒಂದು ಆಟವಿತ್ತು. ಕೋಟೆಗೆ ಹೋಗುವ ದಾರಿಯಲ್ಲೇ ಗುಂಪಿನಲ್ಲೊಬ್ಬ ರಸಿಕನನ್ನು ಆರಿಸಿ ಕಿವಿಯಲ್ಲಿ ಉಸುರುವಳು. ಅವನು ಮೆಲ್ಲಗೆ ಜಾರಿಕೊಂಡು ವಾಲುಮನೆಯ ಹಿಂದೆ ಹೋಗಬೇಕು. ವಾಲುಮನೆಯೆಂದರೆ ಫಿರಂಗಿ ಸಾಮಾನು ಇಡುತ್ತಿದ್ದ ಹಳೆಯ ಕಟ್ಟಡ. ಇನ್ನೊಂದು ಭೂಕಂಪದಲ್ಲಿ ಓರೆಯಾಗಿ ಮರಳಿಗಿಳಿದಿದೆ, ಒಳಗೆ ಕಾಲಿಟ್ಟರೆ ಕುಡಿಯದವನೂ ತೂರಾಡಬೇಕು. ಅದರ ಹಿಂದೆ ಯುಲಾಲಿಯ ತಮ್ಮ ಕ್ಲೋವಿಸ್ ಸುಳ್ಳುಗಡ್ಡ ಅಂಟಿಸಿಕೊಂಡು, ಮರದ ಕತ್ತಿ ಹಿಡಿದು ಕಾದಿರುತ್ತಾನೆ. ಇತ್ತ ಅಕ್ಕ ತಲೆ ಎಣಿಸಿ, "ಅಯ್ಯಯ್ಯೋ, ಒಂದು ತಲೆ ಕಡಿಮೆ!" ಎಂದು ಎದೆ ಬಡಿದುಕೊಳ್ಳುವಳು. ಮೀನಿನಂಗಡಿಯಿಂದ ಐಸಿಲ್ಡಾ, "ಕಳ್ಳರ ಪಾಲಾದ! ರಮ್ ಕೊಟ್ಟು ಬಿಡಿಸ್ಕೊಳ್ರಪ್ಪೋ!" ಎಂದು ದನಿಗೂಡಿಸುವಳು. ಕ್ಲೋವಿಸ್ ಸೆರೆಯಾಳನ್ನು ಹಗ್ಗ ಕಟ್ಟಿ ಎಳೆದು ತರುವನು. ನಗು, ಫೋಟೊ, ಎಲ್ಲರಿಗೂ ಒಂದೊಂದು ಗುಟುಕು ರಮ್. ರಮ್ ಕೊಡುವ ತನಕ ಸೆರೆಯಾಳು ಎಷ್ಟೇ ಕೂಗಿಕೊಂಡರೂ ಯಾರೂ ಬಿಡಿಸಬಾರದು, ಅದೇ ಆಟದ ಕಟ್ಟಳೆ.

ಆ ದಿನ ಬಿಸಿಲು ತಲೆ ಸೀಳುತ್ತಿತ್ತು. ಸೆರೆಯಾಗಲು ಒಪ್ಪಿದವನು ಕೆನಡಾದ ಆರ್ಥರ್ ಟಿಲ್ಸನ್ ಎಂಬ ಮುದುಕ. "ಮದುವೆಯಾದಾಗಿನಿಂದ ಸೆರೆಯಲ್ಲೇ ಇದೀನಮ್ಮಾ, ನಂಗೇನು ಹೊಸದಾ?" ಎಂದು ಕಣ್ಣು ಮಿಟುಕಿಸಿ ಹೋದ. ಯುಲಾಲಿ ಉಳಿದವರನ್ನು ಕೋಟೆಯ ಮೇಲೆಲ್ಲ ಸುತ್ತಾಡಿಸಿ, ಕೆಳಗಿಳಿಸಿ, ಎದೆ ಬಡಿದುಕೊಂಡಳು. ಐಸಿಲ್ಡಾ ಕೂಗಿದಳು. ಕ್ಲೋವಿಸ್ ಹಾರಿ ಬಂದ. ಒಬ್ಬನೇ ಬಂದ.

"ಶಾರ್ಕ್ ಮೀನಿಗೆ ಹಾಕ್ಬಿಟ್ಟೆ ನಿಮ್ಮವನ್ನ!" ಎಂದು ಅಬ್ಬರಿಸಿದ. ಜನ ಬಿದ್ದು ಬಿದ್ದು ನಕ್ಕರು. ಅವನ ಕೈಯಲ್ಲಿ ಬರಿಯ ಹಗ್ಗ ತೂಗುತ್ತಿತ್ತು.

ಯುಲಾಲಿ ಅವನನ್ನು ಪಕ್ಕಕ್ಕೆಳೆದಳು. "ಎಲ್ಲೋ ಆ ಮುದುಕ?"

"ನನ್ನ ಕೇಳ್ತೀಯಲ್ಲ! ಅಲ್ಲಿಗೆ ಬರಲೇ ಇಲ್ಲ. ನೀನೇ ಆಟ ಬದಲಾಯಿಸಿದೀಯೇನೋ ಅಂದ್ಕೊಂಡೆ ಕಣಕ್ಕಾ."

ಅಷ್ಟರಲ್ಲಿ ಮುದುಕನ ಹೆಂಡತಿ ಎನಿಡ್ ನಗುನಗುತ್ತಲೇ ಹತ್ತಿರ ಬಂದಳು. "ಬೇಗ ಬಿಡಿಸಿಬಿಡಿ ಮಿಸ್ ಯುಲಾಲಿ. ಸಕ್ಕರೆ ಕಾಯಿಲೆಯವರು. ಬೆಳಿಗ್ಗೆ ಸೂಜಿ ಚುಚ್ಕೊಂಡಿದಾರೆ, ನಿಮ್ಮೂರಿನ ಮೀನು ತಿನ್ಬೇಕು ಅಂತ ಇನ್ನೂ ಏನೂ ತಿಂದಿಲ್ಲ."

ಯುಲಾಲಿಯ ತಾಯಿ ತೀರಿಕೊಂಡದ್ದೂ ಹಾಗೇ. ಸೂಜಿ ಚುಚ್ಚಿಕೊಂಡು, ಅಡುಗೆಯಾಗಲಿ ಎಂದು ಕೂತವಳು ಕೂತಲ್ಲೇ ಒರಗಿದ್ದಳು. ಇವನನ್ನು ಕಳಿಸಿದವಳು ತಾನೇ. ಇವನು ಸತ್ತರೆ ಕೊಂದವಳೂ ತಾನೇ.

"ಕೇಳಿ ಎಲ್ರೂ! ನಿಜವಾಗ್ಲೂ ಒಬ್ರು ಕಾಣೆಯಾಗಿದಾರೆ!" ಎಂದು ಅರಚಿದಳು.

ಚಪ್ಪಾಳೆ ಬಿತ್ತು. ಯಾರೋ ಶಿಳ್ಳೆ ಹಾಕಿದರು.

"ದೇವರಾಣೆಗೂ ಆಟ ಅಲ್ಲ ಇದು! ಅವರ ಪ್ರಾಣಕ್ಕೆ ಬಂದಿದೆ, ಹುಡುಕಿ!"

"ರಮ್ ಕೊಟ್ಟು ಬಿಡಿಸ್ಕೊಳ್ರಪ್ಪೋ!" ಎಂದಳು ಐಸಿಲ್ಡಾ, ಮೀನು ಮಗುಚುತ್ತಾ.

"ಬಾಯ್ಮುಚ್ಚೇ ಐಸಿಲ್ಡಾ!"

ಜನ ಇನ್ನಷ್ಟು ನಕ್ಕರು. ಕೋಟೆಯ ಬಾಗಿಲ ಕಾವಲುಗಾರನನ್ನು ಕೂಗಿದರೆ, "ನಾಳೆ ಬೇರೆ ಕಥೆ ಹೇಳು ಮಿಸ್ ಲಾಲಿ, ಇದು ಹಳಸಿತು," ಎಂದು ಆಕಳಿಸಿದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಅದು ಕಣ್ಣೆದುರೇ ನಡೆಯುತ್ತಿತ್ತು. ಯುಲಾಲಿಗೆ ಹುಚ್ಚು ಹಿಡಿದಂತಾಯಿತು. ತಮ್ಮನ ಮುಖಕ್ಕೆ ಕೈ ಹಾಕಿ ಗಡ್ಡವನ್ನು ಕಿತ್ತೆಸೆದಳು. ಅಂಟಿನ ಜೊತೆ ಚರ್ಮವೂ ಕಿತ್ತು, ಅವನ ಗಲ್ಲದಲ್ಲಿ ರಕ್ತ ಜಿನುಗಿತು.

"ಇವನು ಕಳ್ಳ ಅಲ್ಲ, ನನ್ನ ತಮ್ಮ! ನಾನು ಹೇಳಿದ್ದೆಲ್ಲ ಸುಳ್ಳು, ಇದೊಂದು ನಿಜ! ನಿಮ್ಮ ಕಾಲಿಗೆ ಬೀಳ್ತೀನಿ, ಹುಡುಕಿ!"

ನಗು ನಿಂತಿತು. ಎನಿಡ್ ಬಿಳುಚಿಕೊಂಡಳು. "ಸಮುದ್ರದ ಕಡೆ... ಅಲ್ಲಿ, ಮರಳುದಿಬ್ಬದ ಆಚೆ. ಕೋಟೆ ಮೇಲಿಂದ ನೋಡಿದ್ದೆ," ಎಂದಳು.

ಎಲ್ಲರೂ ಓಡಿದರು. ಮುದುಕ ದಾರಿ ತಪ್ಪಿ ದಿಬ್ಬದಾಚೆ ಹೋಗಿದ್ದ. ಅರ್ಧ ಹೂತ ಫಿರಂಗಿಗೆ ಒರಗಿ ಬಿದ್ದಿದ್ದ. ಅಂಗಿ ಬೆವರಿನಲ್ಲಿ ತೊಯ್ದಿತ್ತು, ನಾಲಿಗೆ ತೊದಲುತ್ತಿತ್ತು. ಬೇರೊಂದು ಗುಂಪಿನ ಪ್ರವಾಸಿಗರು ಸುತ್ತ ನಿಂತು ಫೋಟೊ ತೆಗೆಯುತ್ತಿದ್ದರು. "ಎಷ್ಟು ಚೆನ್ನಾಗಿ ಮಾಡ್ತಾರೆ!" ಎಂದಳು ಒಬ್ಬಳು.

"ದೂರ ಹೋಗ್ರೀ!" ಯುಲಾಲಿ ಅವರನ್ನು ನೂಕಿ ಒಳನುಗ್ಗಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. "ಐಸಿಲ್ಡಾ! ಟೀಗೆ ಹಾಕೋ ಗಟ್ಟಿ ಸಿಹಿಹಾಲು ತಾರೇ!"

ಐಸಿಲ್ಡಾ ಸಿಹಿಹಾಲಿನ ಡಬ್ಬಿ ಹಿಡಿದು, ಚಪ್ಪಲಿ ಬಿಟ್ಟು ಓಡಿ ಬಂದಳು. ಯುಲಾಲಿ ಬೆರಳಲ್ಲಿ ತೆಗೆದು ಅವನ ಕೆನ್ನೆಯೊಳಗೆ ಸವರಿದಳು. "ನುಂಗಿ ಸ್ವಾಮಿ. ನುಂಗಿ ನನ್ನಪ್ಪಾ." ಹಾಲು ತುಟಿಯಂಚಿನಿಂದ ಹೊರಗೆ ಬಂತು. ಮತ್ತೆ ಸವರಿದಳು. ಅವಳ ತುಟಿಯಲ್ಲಿ ಒಂದು ಪ್ರಾರ್ಥನೆಯೂ ಪೂರ್ತಿಯಾಗಲಿಲ್ಲ. ಕೊನೆಗೆ ಅವನ ಗಂಟಲು ಗುಟುಕ್ಕೆಂದಿತು. ಇನ್ನೊಮ್ಮೆ ನುಂಗಿದ. ಬಹಳ ಹೊತ್ತಿನ ಮೇಲೆ ಅವನ ನೋಟ ತಿಳಿಯಾಗಿ ಅವಳ ಮುಖದ ಮೇಲೆ ನಿಂತಿತು.

"ಎಷ್ಟು ಕೂಗಿದೆ," ಎಂದ ಮೆಲ್ಲಗೆ. "ಎಲ್ಲರೂ ಚಪ್ಪಾಳೆ ತಟ್ಟಿದರು."

ಆಂಬ್ಯುಲೆನ್ಸ್ ಬಂತು. ದಾದಿ ಪರೀಕ್ಷೆ ಮಾಡಿ, ಉಳಿದುಕೊಂಡರು, ಇನ್ನು ಹೆದರಬೇಕಿಲ್ಲ ಎಂದಳು. ಗಂಡನನ್ನು ಗಾಡಿಗೆ ಏರಿಸುವಾಗಲೂ ಎನಿಡ್ ಮರಳಿನ ಮೇಲೆ ಕೂತೇ ಇದ್ದಳು. ಏಳಿಸಲು ಬಂದ ಯುಲಾಲಿ ತಪ್ಪಾಯಿತು ಎನ್ನಲು ಬಾಯಿ ತೆರೆದಳು. ಎನಿಡ್ ಅವಳ ಮಾತು ಕೇಳಿಸಿಕೊಳ್ಳಲಿಲ್ಲ.

"ನಾನು ಕೋಟೆ ಮೇಲಿದ್ದಾಗ ಅವರು ಎರಡೂ ಕೈ ಬೀಸಿದರು," ಎಂದಳು. "ನಾನೂ ನಗ್ತಾ ಕೈ ಬೀಸಿದೆ."